ಕೊಲ್ಲಾರಿ ಚಕ್ಕಡಿ, ಕೀಲೆಣ್ಣೆ ಮತ್ತು ಮಹಾಕೂಟದ ದಾರಿ

ಬಾದಾಮಿಯಿಂದ ಮಹಾಕೂಟಕ್ಕೆ ಎರಡು ದಾರಿಗಳಿವೆ. ಒಂದು, ಕೆಂಪು ಕಲ್ಲಿನ ಗುಡ್ಡ ಹತ್ತಿ ಆಚೆ ಇಳಿಯುವ ಕಾಲುದಾರಿ. ಇನ್ನೊಂದು, ಗುಡ್ಡವನ್ನು ಸುತ್ತು ಹಾಕಿಕೊಂಡು ಹೋಗುವ ಗಾಡಿ ದಾರಿ, ಸುಮಾರು 14 ಕಿ.ಮೀ. ಕಾಲುದಾರಿ ಇದರ ಅರ್ಧವೂ ಇಲ್ಲ. ಆದರೂ ನಮ್ಮ ಹಿರಿಯರು ಮನೆಮಂದಿ, ಮಕ್ಕಳು ಮರಿ ಎಲ್ಲ ಕಟ್ಟಿಕೊಂಡು ಜಾತ್ರೆಗೆ ಹೊರಟರೆ ಹಿಡಿಯುತ್ತಿದ್ದುದು ಸುತ್ತಿನ ದಾರಿಯನ್ನೇ. ಯಾಕೆ ಅಂದರೆ ಅವರ ಜೊತೆ ಮನೆಯೂ ಹೊರಟಿರುತ್ತಿತ್ತು!

ಮಹಾಕೂಟ ಅಂದ ಕೂಡಲೇ ಇತಿಹಾಸ ಬರೆಯುವವರೆಲ್ಲ ಚಾಲುಕ್ಯರಿಂದ ಶುರು ಮಾಡುತ್ತಾರೆ. ಮಾಡಲೇಬೇಕು ಬಿಡಿ. ಕ್ರಿ.ಶ. 600ರ ಆಸುಪಾಸಿನ, ಮಂಗಲೇಶನ ಕಾಲದ ಕಂಬದ ಶಾಸನ ಇಲ್ಲಿಯದು. ಆ ಕಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಒಂದನೇ ಪುಲಿಕೇಶಿಯ ರಾಣಿ ದುರ್ಲಭದೇವಿ ಮಹಾಕೂಟದ ದೇವರಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟದ್ದು ಅದರಿಂದಲೇ ಗೊತ್ತಾಗುವುದು. ಆಮೇಲೆ ವಿಜಯಾದಿತ್ಯನ ಕಾಲದಲ್ಲಿ (696-733) ವಿನಾಪೋಟಿ ಎಂಬ ಹೆಣ್ಣುಮಗಳು ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಳು ಅನ್ನುವ ಕನ್ನಡ ಶಾಸನವೂ ಇಲ್ಲಿದೆ. ರಾಜ ಏನು ಕೊಟ್ಟ, ರಾಣಿ ಏನು ಕೊಟ್ಟಳು, ಎಲ್ಲಾ ಬರೆದಿಟ್ಟಿದ್ದಾರೆ. ಆದರೆ ನನಗೆ ಯಾವಾಗಲೂ ಕಾಡುವ ಪ್ರಶ್ನೆಯೇ ಬೇರೆ: ಇಲ್ಲಿಗೆ ಜನ ಹೇಗೆ ಬರುತ್ತಿದ್ದರು? ರಾತ್ರಿ ಎಲ್ಲಿ ಮಲಗುತ್ತಿದ್ದರು? ದಾರಿಯಲ್ಲಿ ಗಾಲಿ ಮುರಿದರೆ ಏನು ಮಾಡುತ್ತಿದ್ದರು?

ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮಾಡುತ್ತಿರುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಹಾಗಾಗಿ ಇಂಥ ಪ್ರಶ್ನೆಗಳು ಬರುವುದು ಸಹಜ ಅನ್ನಿ.

ಅಮೆರಿಕದಲ್ಲಿ 'ಟ್ರಾವೆಲ್ ಟ್ರೇಲರ್' ಅಂತ ಒಂದು ಇದೆ, ನೀವು ಸಿನಿಮಾಗಳಲ್ಲಿ ನೋಡಿರುತ್ತೀರಿ. ಕಾರಿನ ಹಿಂದೆ ಸಿಕ್ಕಿಸಿಕೊಂಡು ಎಳೆಯುವ ಪುಟ್ಟ ಮನೆ. ಅದರಲ್ಲೇ ಹಾಸಿಗೆ, ಒಲೆ, ನೀರು. ರಜೆ ಬಂದರೆ ಸಂಸಾರ ಸಮೇತ ಹೊರಟರು. ಅಲ್ಲಿರುವ ನನ್ನ ಗೆಳೆಯನೊಬ್ಬ ಹಳೆಯದೊಂದನ್ನು ಕೊಂಡು, ವಾರಾಂತ್ಯವೆಲ್ಲ ಅದರ ಬೇರಿಂಗಿಗೆ ಗ್ರೀಸ್ ತುಂಬುವುದು, ಸೋರುವ ಮಾಡಿಗೆ ಅಂಟು ಹಚ್ಚುವುದು, ಇದರಲ್ಲೇ ಕಳೆಯುತ್ತಾನೆ. ಈ ಶೋಕಿಯ ಇತಿಹಾಸ ಹುಡುಕಿದರೆ 1885ರಲ್ಲಿ ಬ್ರಿಟನ್ನಿನ ಗೋರ್ಡನ್ ಸ್ಟೇಬಲ್ಸ್ ಅನ್ನುವ ವೈದ್ಯ-ಲೇಖಕ ಬರೀ ತಿರುಗಾಟಕ್ಕೆ ಅಂತಲೇ ಕುದುರೆ ಎಳೆಯುವ ಮನೆಗಾಡಿಯೊಂದನ್ನು ಕಟ್ಟಿಸಿದ್ದು ಸಿಗುತ್ತದೆ. 'ವಾಂಡರರ್' ಅಂತ ಅದರ ಹೆಸರು. 1930ರ ದಶಕದಲ್ಲಿ ಅಮೆರಿಕದ ವಾಲಿ ಬಯಾಮ್ 'ಏರ್‌ಸ್ಟ್ರೀಮ್' ಅನ್ನುವ ಬೆಳ್ಳಿ ಬಣ್ಣದ ಟ್ರೇಲರ್ ಮಾಡಿ ಹೆಸರಾದ.

ಇದನ್ನೆಲ್ಲ ಓದುವಾಗ ನನಗೆ ಅನ್ನಿಸಿದ್ದು ಇಷ್ಟೆ: ಅಯ್ಯೋ, ಇದು ನಮ್ಮ ಕೊಲ್ಲಾರಿ ಚಕ್ಕಡಿ ಅಲ್ವಾ?

ದಕ್ಷಿಣದ ಕಡೆಯ ಓದುಗರಿಗೆ ಒಂದು ಮಾತು. ನೀವು ಎತ್ತಿನ ಗಾಡಿ ಅನ್ನುವುದಕ್ಕೆ ನಮ್ಮ ಕಡೆ ಚಕ್ಕಡಿ ಅಂತಲೂ ಬಂಡಿ ಅಂತಲೂ ಅನ್ನುತ್ತಾರೆ. ಅದೇ ಚಕ್ಕಡಿಗೆ ಬಿದಿರಿನ ಕಮಾನು ಬಗ್ಗಿಸಿ ಕಟ್ಟಿ, ಮೇಲೆ ಚಾಪೆಯೋ ತಾಡಪತ್ರಿಯೋ ಜಮಖಾನೆಯೋ ಹೊದಿಸಿದರೆ ಅದು ಕೊಲ್ಲಾರಿ. ವರ್ಷವೆಲ್ಲಾ ಗೊಬ್ಬರ, ಮೇವು, ಕಾಳಿನ ಚೀಲ ಹೇರಿದ ಅದೇ ಬಂಡಿ ಜಾತ್ರೆಯ ಹಿಂದಿನ ದಿನ ತೊಳೆದು, ಕೊಲ್ಲಾರಿ ಏರಿಸಿ, ಒಳಗೆ ಮೇವು ಹಾಸಿ ಅದರ ಮೇಲೆ ಕೌದಿ ಹಾಸಿದರೆ ಮನೆಯಾಗುತ್ತಿತ್ತು. ಸ್ಟೇಬಲ್ಸ್ ಸಾಹೇಬರು ತಿರುಗಾಟಕ್ಕೆಂದೇ ಬೇರೆ ಗಾಡಿ ಮಾಡಿಸಬೇಕಾಯಿತು. ನಮ್ಮವರಿಗೆ ಒಂದೇ ಗಾಡಿ, ಎರಡು ಅವತಾರ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಹಾರ್ಡ್‌ವೇರ್ ಅದೇ, ಮೇಲೊಂದು ಪ್ಲಗಿನ್!

ನಮ್ಮ ಭಾಗದ ದೊಡ್ಡ ಜಾತ್ರೆ ಬನಶಂಕರಿಯದು. ಬಾದಾಮಿಯಿಂದ 5 ಕಿ.ಮೀ. ದೂರದ ಚೊಳಚಗುಡ್ಡದಲ್ಲಿ, ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಈಗಿನ ಗುಡಿ 1750ರಲ್ಲಿ ಮರಾಠಾ ಸರದಾರ ಪರಶುರಾಮ ಆಗಳೆ ಕಟ್ಟಿಸಿದ್ದು. ತೇರು ಒಂದು ದಿನದ್ದಾದರೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವೆ. ದನದ ಸಂತೆ ಇರುತ್ತದೆ, ಮರದ ಬಾಗಿಲು ಚೌಕಟ್ಟುಗಳ ವ್ಯಾಪಾರಕ್ಕಂತೂ ಈ ಜಾತ್ರೆ ಹೆಸರುವಾಸಿ. ಮುಂಗಾರಿ ಸುಗ್ಗಿ ಮುಗಿದಿರುತ್ತದೆ, ಹಿಂಗಾರಿ ಜೋಳ ಇನ್ನೂ ಹೊಲದಲ್ಲಿರುತ್ತದೆ, ಹಳ್ಳಗಳಲ್ಲಿ ನೀರು ಇಳಿದು ಬಂಡಿ ದಾಟಬಹುದು. ಇಂಥ ಸಮಯಕ್ಕೆ ಸರಿಯಾಗಿ ಜಾತ್ರೆ ಇರುವುದರಿಂದಲೇ ಮನೆಗೆ ಬೀಗ ಹಾಕಿ ನಾಲ್ಕು ದಿನ ಹೊರಗಿರಲು ರೈತನಿಗೆ ಸಾಧ್ಯವಾಗುತ್ತಿದ್ದುದು.

ಇನ್ನೊಂದು ವಿಶೇಷ ಗೊತ್ತಾ? ಬನಶಂಕರಿಯ ತೇರು ಎಳೆಯುವ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಬರುತ್ತದೆ, ಅದೂ ಹಳಿಬಂಡಿಯಲ್ಲಿ. ಲಾರಿ, ಟ್ರ್ಯಾಕ್ಟರು ಎಲ್ಲ ಬಂದ ಮೇಲೂ ಆ ಊರಿನವರು ಈ ರೂಢಿ ಬಿಟ್ಟಿಲ್ಲ. ಅಂದರೆ ತೇರು ಹೊರಡುವುದಕ್ಕೆ ಮೊದಲು ಬಂಡಿಯೊಂದು ಬಂದು ಮುಟ್ಟಬೇಕು.

ನಮ್ಮಜ್ಜಿ ಹೇಳುವ ಪ್ರಕಾರ ನಮ್ಮ ಮನೆಯ ಪ್ರಯಾಣ ಹೀಗಿರುತ್ತಿತ್ತು. ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ ಎತ್ತು ಹೂಡುವುದು. ಕಟಕ ರೊಟ್ಟಿ, ಗುರೆಳ್ಳ ಚಟ್ನಿ, ಶೇಂಗಾ ಹೋಳಿಗೆ, ಮಾದಲಿ ಎಲ್ಲ ಬುತ್ತಿಗಂಟಿನಲ್ಲಿ. ಮೊದಲು ಮಹಾಕೂಟಕ್ಕೆ ಹೋಗಿ ಪುಷ್ಕರಣಿಯಲ್ಲಿ ಮುಳುಗಿ, ದೇವರಿಗೆ ಕಾಯಿ ಒಡೆಸಿ, ಅಲ್ಲೇ ಮರದ ನೆರಳಲ್ಲಿ ಊಟ. ಶಿವಯೋಗಮಂದಿರಕ್ಕೆ ಹೋಗಿ ಕೈಮುಗಿದು (ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ್ದು, ಮಲಪ್ರಭೆಯ ದಂಡೆಯಲ್ಲಿದೆ), ಸಂಜೆಯ ಹೊತ್ತಿಗೆ ಬನಶಂಕರಿ. ಅಲ್ಲಿ ಎತ್ತು ಬಿಚ್ಚಿ ಗಾಲಿಗೆ ಕಟ್ಟುವುದು. ನೊಗದ ಕೆಳಗೆ ಊರುಗೋಲು ಕೊಟ್ಟು ಬಂಡಿಯನ್ನು ಸಮ ಮಾಡುವುದು. ಹೆಂಗಸರು ಮಕ್ಕಳು ಕೊಲ್ಲಾರಿಯೊಳಗೆ, ಗಂಡಸರು ಬಂಡಿಯ ಕೆಳಗೆ. ಮೂರು ಕಲ್ಲಿಟ್ಟರೆ ಒಲೆ. ಅಮೆರಿಕದ ಟ್ರೇಲರಿಗೂ ನಿಲ್ಲಿಸಿದಾಗ ಮುಂದೆ ಒಂದು ಜ್ಯಾಕ್ ಇಳಿಸಿ ಸಮ ಮಾಡುತ್ತಾರೆ ಅಂತ ಗೆಳೆಯ ಹೇಳಿದಾಗ ನಂಗೆ ಊರುಗೋಲೇ ನೆನಪಾಯಿತು.

ಈಗ ರಿಪೇರಿ ವಿಷಯಕ್ಕೆ ಬರೋಣ. ನನಗೆ ಅತ್ಯಂತ ಇಷ್ಟವಾದ ಭಾಗ ಇದೇ.

ಮೊದಲನೆಯದು ಕೀಲೆಣ್ಣೆ. ಅಚ್ಚಿನ ಮೇಲೆ ಗಾಲಿ ತಿರುಗುವ ಕಡೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಅಲ್ಲಿಗೆ ಹಾಕಲು ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ ಗಟ್ಟಿ ಕಪ್ಪು ಮಿಶ್ರಣ. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ನೇತು ಹಾಕಿರುತ್ತಿದ್ದರು. ಔಡಲ ಎಣ್ಣೆಯೇ ಯಾಕೆ? ಅದು ಬೇರೆ ಅಡುಗೆ ಎಣ್ಣೆಗಳಿಗಿಂತ ಬಹಳ ಮಂದ, ಭಾರ ಬಿದ್ದರೂ ಬೇಗ ಜಾರಿ ಹೋಗುವುದಿಲ್ಲ. ಮೊದಮೊದಲ ವಿಮಾನಗಳ ಇಂಜಿನ್ನಿಗೂ ಔಡಲ ಎಣ್ಣೆಯನ್ನೇ ಹಾಕುತ್ತಿದ್ದರು! ಕರಿ ಯಾಕೆ? ಎಣ್ಣೆ ಅಚ್ಚಿಗೆ ಮೆತ್ತಿಕೊಂಡು ನಿಲ್ಲಲಿ ಅಂತ. ದೂರದ ಪ್ರಯಾಣದಲ್ಲಿ ಗಾಲಿ 'ಕಿರ್ರ್' ಅಂದರೆ ಇಳಿದು ಎಣ್ಣೆ ಹಾಕಬೇಕು. ಸದ್ದೇ ಅಲಾರಂ.

ಎರಡನೆಯದು ಕಡಾಣಿ, ಅಂದರೆ ಕಡೆಗೀಲು. ಅಚ್ಚಿನ ತುದಿಯಲ್ಲಿ ಗಾಲಿ ಹೊರಬೀಳದಂತೆ ತಡೆಯುವ ಪುಟ್ಟ ಕೀಲು. ಇಡೀ ಬಂಡಿಯಲ್ಲಿ ಅತಿ ಅಗ್ಗದ ಭಾಗ ಇದು, ಇದು ಬಿದ್ದರೆ ಮಾತ್ರ ಇಡೀ ಬಂಡಿ ಮಗುಚುತ್ತದೆ. ಜೇಡರ ದಾಸಿಮಯ್ಯ ತನ್ನ ಒಂದು ವಚನದಲ್ಲಿ ಶರಣರ ಮಾತನ್ನು ಈ ಕಡೆಗೀಲಿಗೇ ಹೋಲಿಸಿದ್ದಾನೆ. ದೇವರ ತೇರಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಪೂರ್ವದ ಮುಖಮಂಟಪದಲ್ಲಿ ತಲೆ ಎತ್ತಿ ನೋಡಿದರೆ ಸೂರ್ಯನ ರಥ ಕಾಣುತ್ತದೆ. ರೈತನ ಬಂಡಿ ಮಾತ್ರ ಹೆಚ್ಚಾಗಿ ಉಳಿದಿರುವುದು ಇಂಥ ಮಾತುಗಳಲ್ಲಿ. ಕಡೆಗೀಲು ಕಳಚಿದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡವರ ಮುಂದೆ ಮಾತ್ರ ಆ ಹೋಲಿಕೆಗೆ ಅರ್ಥ. ಹಾಗಾಗಿ ನನ್ನ ಮಟ್ಟಿಗೆ ಆ ವಚನವೂ ಒಂದು ಇತಿಹಾಸದ ದಾಖಲೆ.

ಮೂರನೆಯದು ಹಳಿ. ಮರದ ಗಾಲಿಯ ಸುತ್ತ ಕಬ್ಬಿಣದ ಪಟ್ಟಿ. ಇದನ್ನು ಮೊಳೆ ಹೊಡೆದು ಕೂರಿಸಿದರೆ ಸಾಲದು, ಬಿಗಿ ಬರುವುದು ಬೆಂಕಿಯಿಂದ. ಕಂಬಾರರು ಹಳಿಯನ್ನು ಗಾಲಿಯ ಸುತ್ತಳತೆಗಿಂತ ಸುಮಾರು ಒಂದು ಬೆರಳಗಲ ಕಡಿಮೆ ಮಾಡಿ ಬೆಸೆಯುತ್ತಾರೆ. ಆಮೇಲೆ ನೆಲದ ಮೇಲೆ ಹಳಿ ಇಟ್ಟು ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಕೊಡುತ್ತಾರೆ. ಕೆಂಪಗಾದಾಗ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಾರೆ. ಲೆಕ್ಕ ಹಾಕಿ ನೋಡಿ: ಐದು ಅಡಿ ಎತ್ತರದ ಗಾಲಿ ಅಂದರೆ ಸುತ್ತಳತೆ ಹತ್ತಿರ ಹತ್ತಿರ 4.8 ಮೀಟರ್. ಕಬ್ಬಿಣ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 500 ಡಿಗ್ರಿ ಬಿಸಿ ಏರಿದರೆ ಸುಮಾರು 29 ಮಿ.ಮೀ. ಹಿಗ್ಗು. ಒಂದು ಬೆರಳಗಲ ಕಡಿಮೆ ಮಾಡಿದ ಹಳಿ ಸಲೀಸಾಗಿ ಗಾಲಿಯ ಮೇಲೆ ಕೂರುತ್ತದೆ, ಆರಿದ ಮೇಲೆ ಕುಗ್ಗಿ ಅರಗಳನ್ನೆಲ್ಲ ಗುಂಬದೊಳಕ್ಕೆ ಒತ್ತಿ ಹಿಡಿಯುತ್ತದೆ. ನಾವು ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿ ಬೋರ್ಡಿನ ಮೇಲೆ ಕಲಿತದ್ದನ್ನು ಕಂಬಾರ ಬೆರಳಿನಲ್ಲಿ ಅಳೆಯುತ್ತಿದ್ದ.

ಆದರೆ ನಮ್ಮ ಸೀಮೆಯ ಬೇಸಿಗೆ ಗೊತ್ತಲ್ಲ. ಮರ ಒಣಗಿ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ. ಹಳಿ ಸಡಿಲಾಗಿ ಕಟಕಟ ಅನ್ನುತ್ತದೆ. ತಾತ್ಕಾಲಿಕ ಮದ್ದು: ರಾತ್ರಿಯೆಲ್ಲ ಗಾಲಿಗೆ ಒದ್ದೆ ಗೋಣಿಚೀಲ ಸುತ್ತಿಡುವುದು, ಅಥವಾ ಹಳ್ಳದ ನೀರಿನಲ್ಲಿ ಬಂಡಿ ನಿಲ್ಲಿಸುವುದು. ಮರ ಉಬ್ಬಿ ಮತ್ತೆ ಬಿಗಿಯಾಗುತ್ತದೆ. ಶಾಶ್ವತ ಮದ್ದು: ಹಳಿ ಕತ್ತರಿಸಿ, ಗಿಡ್ಡ ಮಾಡಿ, ಬೆಸೆದು ಮತ್ತೆ ಬೆಂಕಿ.

ಇನ್ನು ಗುಂಬದೊಳಗಿನ ಬೂಸು ಸವೆದು ಗಾಲಿ ಓಲಾಡುವುದು, ಕೊಲ್ಲಾರಿಯ ಬಿದಿರು ಸೀಳುವುದು, ಜತ್ತಗಿ ಹರಿಯುವುದು ಇವೆಲ್ಲ ಮನೆಯಲ್ಲೇ ಮಾಡಿಕೊಳ್ಳುವ ಸಣ್ಣ ಪುಟ್ಟ ಕೆಲಸಗಳು. ಬೂಸಿನ ಸಂದಿಗೆ ಹಳೆಯ ಬಟ್ಟೆಯ ಚೂರನ್ನು ಕೀಲೆಣ್ಣೆಯಲ್ಲಿ ಅದ್ದಿ ತುರುಕುವುದು ನಮ್ಮಜ್ಜನ ವಿದ್ಯೆಯಂತೆ. ಜಾತ್ರೆ ಮುಗಿಸಿ ಊರು ಮುಟ್ಟುವವರೆಗೆ ಅಷ್ಟು ಸಾಕು.

ರಿಪೇರಿಗಿಂತಲೂ ಮುಖ್ಯವಾದದ್ದು ಭಾರ ಹೊಂದಿಸುವುದು. ಎರಡು ಗಾಲಿಯ ಬಂಡಿ ಅಂದರೆ ತಕ್ಕಡಿ ಇದ್ದ ಹಾಗೆ. "ಮುಂದ ಭಾರ ಆದ್ರ ಎತ್ತಿನ ಹೆಗಲು ಹೋಕ್ಕತಿ, ಹಿಂದ ಭಾರ ಆದ್ರ ನೊಗ ಮ್ಯಾಲೆದ್ದು ಕುತ್ತಿಗಿ ಹಿಚುಕತೈತಿ" ಅಂತ ಅಜ್ಜ ಹೇಳುತ್ತಿದ್ದರಂತೆ. ಇಳಿಜಾರು ಬಂದರೆ ಮಕ್ಕಳನ್ನು ಹಿಂದಕ್ಕೆ ಕೂರಿಸುವುದು, ಏರು ಬಂದರೆ ಮುಂದಕ್ಕೆ ಕರೆಯುವುದು. ಅಮೆರಿಕದ ಟ್ರೇಲರಿನಲ್ಲೂ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು, ಕಡಿಮೆಯಾದರೆ ಟ್ರೇಲರು ಹಾವಿನ ಹಾಗೆ ತೊನೆಯುತ್ತದೆ ಅನ್ನುವ ನಿಯಮ ಇದೆ. ವ್ಯತ್ಯಾಸ ಒಂದೇ. ಅಲ್ಲಿ ಕೊಂಡಿ ಕಬ್ಬಿಣದ್ದು, ಇಲ್ಲಿ ಜೀವ ಇರುವ ಕುತ್ತಿಗೆ.

ಇದನ್ನು ವಿಜ್ಞಾನಿಗಳು ಗಮನಿಸಲಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನುವ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಶುರುವಾಯಿತು. ಅದೇ ಸಂಸ್ಥೆಯ ಎಂ.ಆರ್. ರಾಘವನ್ ಮತ್ತು ಡಿ.ಎಲ್. ಪ್ರಸನ್ನರಾವ್ 1979ರಲ್ಲಿ ಎರಡು ಗಾಲಿಯ ಎತ್ತಿನ ಗಾಡಿಯ ಇಂಜಿನಿಯರಿಂಗ್ ವಿಶ್ಲೇಷಣೆ ಪ್ರಕಟಿಸಿದರು. ಬೆಂಗಳೂರಿನ ಐಐಎಂನ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರಂತೂ ಎತ್ತಿನ ಗಾಡಿಯ ಸುಧಾರಣೆಯನ್ನೇ ವ್ರತದಂತೆ ಹಿಡಿದರು. ನೊಗದಿಂದ ಎತ್ತಿನ ಹೆಗಲಿಗಾಗುವ ಗಾಯ, ಒರಟು ಅಚ್ಚಿನಿಂದ ವ್ಯರ್ಥವಾಗುವ ಶಕ್ತಿ ಇವುಗಳ ಬಗ್ಗೆ ಅವರು ಊರೂರಿಗೆ ಹೇಳಿದರು. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರು ನೊಗದ ಬಗ್ಗೆ ಚಿಂತೆ ಮಾಡಿದ್ದು ನನಗೆ ಇವತ್ತಿಗೂ ಹೆಮ್ಮೆ ಅನ್ನಿಸುತ್ತದೆ.

ಇಲ್ಲಿಯವರೆಗೆ ಓದಿದವರಿಗೆ 'ಆಹಾ, ಎಂಥ ಸುಂದರ ಕಾಲ' ಅನ್ನಿಸಿರಬಹುದು. ಸ್ವಲ್ಪ ತಡೆಯಿರಿ. ಕಾಲುದಾರಿಯ ಕಥೆ ಇನ್ನೂ ಹೇಳಿಲ್ಲ.

ಚಕ್ಕಡಿ ಎಲ್ಲರ ಮನೆಯಲ್ಲೂ ಇರಲಿಲ್ಲ. ಹೊಲ ಇದ್ದವರಿಗೆ ಎತ್ತು, ಎತ್ತು ಇದ್ದವರಿಗೆ ಚಕ್ಕಡಿ. ಗಾಲಿ ಮಾಡಿದ ಬಡಿಗೇರರು, ಹಳಿ ಕಟ್ಟಿದ ಕಂಬಾರರು, ತೊಗಲಿನ ಜತ್ತಗಿ, ಬಾರುಕೋಲು ಮಾಡಿಕೊಟ್ಟ ಮಾದಿಗರು ಎಲ್ಲರೂ ಆಯಗಾರರು. ವರ್ಷವಿಡೀ ರಿಪೇರಿ ಮಾಡಿಕೊಡಬೇಕು, ಸುಗ್ಗಿಯಲ್ಲಿ ಕಣದಿಂದ ಇಷ್ಟು ಕಾಳು ಅಂತ ಆಯ. ನಮ್ಮ ಕಂಪನಿಗಳ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನೋಡಿದಾಗೆಲ್ಲ ನನಗೆ ಆಯವೇ ನೆನಪಾಗುತ್ತದೆ. ಆದರೆ ಒಪ್ಪಂದವನ್ನು ಮುರಿದು ಹೊರಡಬಹುದು, ಆಯವನ್ನು ಅಷ್ಟು ಸುಲಭವಾಗಿ ಬಿಟ್ಟು ಹೊರಡುವಂತಿರಲಿಲ್ಲ. ಅವರ ಮನೆಯವರು ಜಾತ್ರೆಗೆ ಹೇಗೆ ಹೋಗುತ್ತಿದ್ದರು ಅಂತ ಅಜ್ಜಿಯನ್ನು ಕೇಳಿದೆ. "ನಡಕೋಂತ" ಅಂದಳು. ಒಂದೇ ಮಾತು. ಗುಡ್ಡದ ಮೇಲಿನ ಕಾಲುದಾರಿ ಹತ್ತಿರವಾದ್ದರಿಂದ ಮಾತ್ರ ಸವೆದದ್ದಲ್ಲ.

ಬಂಡಿಯಲ್ಲಿ ಕೂರುವುದು ಬರೀ ದುಡ್ಡಿನ ವಿಷಯವೂ ಆಗಿರಲಿಲ್ಲ. ಅಂಬೇಡ್ಕರ್ ತಮ್ಮ ನೆನಪುಗಳಲ್ಲಿ 1901ರ ಒಂದು ಪ್ರಯಾಣವನ್ನು ಬರೆದಿದ್ದಾರೆ. ಅವರು ಆಗ ಚಿಕ್ಕ ಹುಡುಗ. ಅಪ್ಪನನ್ನು ನೋಡಲು ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ಸಾತಾರಾ ಕಡೆಯಿಂದ ಹೊರಟು ಮಸೂರು ಎಂಬ ರೈಲು ನಿಲ್ದಾಣದಲ್ಲಿ ಇಳಿದರು. ಅಲ್ಲಿ ಗಾಡಿಗಳು ಬೇಕಾದಷ್ಟಿದ್ದವು. ಮಕ್ಕಳು ಮಹಾರರು ಅಂತ ಗೊತ್ತಾದ ಮೇಲೆ ಯಾವ ಗಾಡಿಯವನೂ ಬರಲೊಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡು ಪಟ್ಟು ಬಾಡಿಗೆಗೆ, ಅದೂ ಮಕ್ಕಳೇ ಗಾಡಿ ಹೊಡೆದುಕೊಳ್ಳಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅನ್ನುವ ಶರತ್ತಿನ ಮೇಲೆ. ದಾರಿಯಲ್ಲಿ ಕುಡಿಯಲು ನೀರೂ ಸಿಗಲಿಲ್ಲ. ನಮ್ಮ ಬುತ್ತಿಗಂಟು, ಕೌದಿ, ಬೆಳ್ಳಿಚುಕ್ಕಿಯ ನೆನಪುಗಳ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳಬೇಕು. ಎರಡೂ ಒಂದೇ ಕಾಲದ, ಒಂದೇ ತರಹದ ಗಾಡಿಯ ಕಥೆಗಳು.

ಬಂಡಿಯ ಕಾಲ ಮುಗಿದದ್ದು ಒಂದೇ ಸಲಕ್ಕೆ ಅಲ್ಲ. 1880ರ ದಶಕದಲ್ಲಿ ಗದಗ-ಹೊಟಗಿ ಮೀಟರ್ ಗೇಜ್ ರೈಲು ಬಂತು, ಬಾದಾಮಿಗೊಂದು ನಿಲ್ದಾಣ ಸಿಕ್ಕಿತು. ಆದರೆ ರೈಲು ಬಂಡಿಯನ್ನು ಕೊಲ್ಲಲಿಲ್ಲ, ಬದಲಿಗೆ ನಿಲ್ದಾಣದಿಂದ ಊರಿಗೆ ಹೋಗಲು ಬಂಡಿಗೆ ಇನ್ನಷ್ಟು ಕೆಲಸ ಕೊಟ್ಟಿತು. ಆಮೇಲೆ ರಸ್ತೆಗಳು. ಕಿರಿದಾದ ಕಬ್ಬಿಣದ ಹಳಿ ಜಲ್ಲಿ ರಸ್ತೆಯನ್ನು ಕೊರೆದು ಹಾಕುತ್ತದೆ ಅಂತ ರಸ್ತೆ ಇಂಜಿನಿಯರುಗಳಿಗೆ ಬಂಡಿಯ ಮೇಲೆ ಸಿಟ್ಟು. ಅದಕ್ಕೆ ಉತ್ತರವಾಗಿ ಬಂದದ್ದು ರಬ್ಬರು ಟೈರಿನ ಗಾಡಿ. ಕಂಪನಿಯ ಹೆಸರೇ ಅದಕ್ಕೆ ಅಂಟಿಕೊಂಡು 'ಡನ್‌ಲಪ್ ಗಾಡಿ' ಆಯಿತು. ಎಳೆಯಲು ಹಗುರ, ಸದ್ದಿಲ್ಲ. ಆದರೆ ಜಾಲಿ ಮುಳ್ಳು ಚುಚ್ಚಿದರೆ ಪಂಕ್ಚರ್! ಕೀಲೆಣ್ಣೆಯ ಗೊಟ್ಟದಿಂದ ಆಗದ ಕೆಲಸ ಅದು, ಪೇಟೆಗೇ ಹೋಗಬೇಕು. ನನ್ನ ಪ್ರಕಾರ ರಿಪೇರಿ ಊರು ಬಿಟ್ಟು ಹೊರಟದ್ದು ಆಗಲೇ. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮವಾಯಿತು, ಜಾತ್ರೆಗೆ ಬಸ್ಸುಗಳು ಬಂದವು. ಬಸ್ಸು ಮಾಡಿದ ಒಂದು ದೊಡ್ಡ ಉಪಕಾರ ಮರೆಯಬಾರದು: ಟಿಕೆಟ್ ತೆಗೆದುಕೊಂಡ ಯಾರು ಬೇಕಾದರೂ ಕೂರಬಹುದು.

ಕೊಲ್ಲಾರಿಯ ಪದ್ಧತಿ ಮಾತ್ರ ಪೂರ್ತಿ ಸಾಯಲಿಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಈಗಲೂ ಕೆಲವು ಮನೆತನದವರು ಬಂಡಿ ಕಟ್ಟಿಕೊಂಡೇ ಹೋಗುತ್ತಾರೆ. ಹೆಚ್ಚಿನವರು ಟ್ರ್ಯಾಕ್ಟರಿನ ಟ್ರೇಲರಿಗೆ ಪೈಪು ಬಗ್ಗಿಸಿ, ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹಾಸಿ ಹೊರಡುತ್ತಾರೆ. ಕಮಾನು ಅದೇ, ಬುತ್ತಿಯೂ ಅದೇ. ಇಲ್ಲಿ ಮಾತ್ರ ನನಗೆ ಭಯ. ಕೊಲ್ಲಾರಿ ಬಂಡಿ ಮಗುಚಿದರೆ ಎತ್ತಿನ ನಡಿಗೆಯ ವೇಗದಲ್ಲಿ ಮಗುಚುತ್ತಿತ್ತು. ಟ್ರೇಲರು ಹೆದ್ದಾರಿಯಲ್ಲಿ ರಾತ್ರಿ ಹೊತ್ತು, ಹಿಂದೆ ದೀಪ ಇಲ್ಲದೆ, ರಿಫ್ಲೆಕ್ಟರ್ ಕೂಡ ಇಲ್ಲದೆ ಹೋಗುತ್ತಿರುತ್ತದೆ. ಕೊಂಡಿಯ ಪಿನ್ನಿಗೆ ಲಾಕ್ ಬದಲು ತಂತಿ ಸುತ್ತಿರುತ್ತಾರೆ. ಅದೂ ಕಡಾಣಿಯೇ ಅಲ್ವಾ? ಹೊಲದ ಟ್ರೇಲರಿನಲ್ಲಿ ಜನರನ್ನು ಸಾಗಿಸುವಂತಿಲ್ಲ ಅಂತ ಕಾನೂನು ಇದೆ, ಇದ್ದರೂ ಜನ ಹೋಗುತ್ತಾರೆ. ಹೋಗುವವರು ಹಗಲು ಹೊತ್ತು ಹೋಗಿ, ಹೊರಡುವ ಮೊದಲು ಪಿನ್ನು, ಟೈರಿನ ಬೋಲ್ಟು, ಹಿಂದಿನ ರಿಫ್ಲೆಕ್ಟರು ಇಷ್ಟನ್ನಾದರೂ ನೋಡಿಕೊಳ್ಳಿ. ಅಜ್ಜಂದಿರು ಕಡಾಣಿ ಮುಟ್ಟಿ ನೋಡದೆ ಬಂಡಿ ಹತ್ತುತ್ತಿರಲಿಲ್ಲ.

ನಮ್ಮ ಮನೆಯ ಚಕ್ಕಡಿ ಜಾತ್ರೆಗೆ ಹೋಗುವುದು ಅಪ್ಪ ಕಾಲೇಜು ಓದುವಾಗಲೇ ನಿಂತಿತ್ತು. ಎತ್ತು ಮಾರಿದ ಮೇಲೆ ಅದು ಹಿತ್ತಲಿನ ಛಪ್ಪರದ ಕೆಳಗೆ ಕೋಳಿಗಳ ಮನೆಯಾಯಿತು. ಎರಡು ವರ್ಷದ ಹಿಂದೆ ರೆಸಾರ್ಟಿನವರೊಬ್ಬರು ಬಂದು ಗಾಲಿ ಎರಡ್ನೂ ಕೊಡಿ, ಗೋಡೆಗೆ ನೇತು ಹಾಕ್ತೇವೆ ಅಂದರು. ಕೊಡುವ ದುಡ್ಡೂ ಕಡಿಮೆಯದಲ್ಲ. ಚಿಕ್ಕಪ್ಪ ಒಪ್ಪಿದ್ದರು. ಎತ್ತಿಲ್ಲದ ಮನೆಯಲ್ಲಿ ಚಕ್ಕಡಿ ಯಾಕೆ, ಗೆದ್ದಲು ತಿನ್ನುವುದಕ್ಕಾ ಅನ್ನುವುದು ಅವರ ವಾದ. ತಪ್ಪು ಅನ್ನಲಿಕ್ಕಾಗದು. ಅಪ್ಪನ ವಾದ ಬೇರೆ. ಗಾಲಿ ಬೇರೆ, ಬಂಡಿ ಬೇರೆ ಮಾಡಿದ ಮೇಲೆ ಅದು ಎರಡೂ ಅಲ್ಲ. ಒಂದು ತಿಂಗಳು ಮನೆಯಲ್ಲಿ ಇದೇ ಮಾತು. ಕೊನೆಗೆ ನಿಂತದ್ದು ಒಂದು ಶರತ್ತಿಗೆ: ರಿಪೇರಿ ಮಾಡುವವರು ಸಿಕ್ಕರೆ ಇಟ್ಟುಕೊಳ್ಳೋಣ, ಸಿಗದಿದ್ದರೆ ಮಾರೋಣ.

ಸಿಕ್ಕರು. ಪಕ್ಕದ ಊರಿನ ಹಿರಿಯ ಬಡಿಗೇರರೊಬ್ಬರು, ಈಗ ಮಾಡುವುದು ಬಾಗಿಲು, ಕಿಟಕಿ. ಬಂದು ಗಾಲಿಯ ಗುಂಬಕ್ಕೆ ಕಿವಿಗೊಟ್ಟು ಕೊಡತಿಯಿಂದ ತಟ್ಟಿ, ಒಂದು ಗಾಲಿಯ ಮೂರು ಅರ ಹೋಗಿವೆ, ಉಳಿದದ್ದು ಗಟ್ಟಿ ಅಂದರು. ಜಾಲಿ ಮರ ಹುಡುಕಿ ಅರ ಕೆತ್ತಿದರು. ಹಳಿ ಬೆಸೆಯಲು ಕಂಬಾರರ ಬದಲು ವೆಲ್ಡಿಂಗ್ ಅಂಗಡಿಯ ಹುಡುಗ ಬಂದ, ಬೆಂಕಿ ಮಾತ್ರ ಕುಳ್ಳಿನದ್ದೇ. ನೀರು ಸುರಿದಾಗ ಹಳಿ ಕುಗ್ಗುವ ಸದ್ದು ಇದೆಯಲ್ಲ, ಟಕ್ ಟಕ್ ಅಂತ ಒಂದೊಂದೇ ಅರ ಗುಂಬಕ್ಕೆ ಕೂರುವುದು, ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನಾನು ಅಳತೆಗಳನ್ನೆಲ್ಲ ಬರೆದುಕೊಂಡೆ, ಇಡೀ ಕೆಲಸವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ. ಅವರ ಮಕ್ಕಳು ಯಾರೂ ಗಾಲಿ ಕೆಲಸ ಕಲಿತಿಲ್ಲ. ಕಲಿಯಲಿ ಅಂತ ಹೇಳುವ ಹಕ್ಕು ಬೆಂಗಳೂರಿನಲ್ಲಿ ಕೂತ ನನಗಿಲ್ಲ, ಗಾಲಿ ಮಾಡಿಸುವವರೇ ಇಲ್ಲದಾಗ ಅವರಾದರೂ ಯಾಕೆ ಕಲಿಯಬೇಕು?

ಮುಂದಿನ ಬನದ ಹುಣ್ಣಿಮೆಗೆ ಪಕ್ಕದ ಮನೆಯವರ ಎತ್ತು ಹೂಡಿ ಮಹಾಕೂಟದವರೆಗೆ ಹೋಗಿ ಬಂದೆವು. ಬಡಿಗೇರರನ್ನೂ ಕರೆದಿದ್ದೆವು. "ಹತ್ರಿ" ಅಂತ ಅಪ್ಪ ಎಷ್ಟು ಹೇಳಿದರೂ ಅವರು ಮೊದಲು ಹತ್ತಲಿಲ್ಲ. ಹೊಸ ಅರ ಹಾಕಿದ ಗಾಲಿಯ ಪಕ್ಕದಲ್ಲೇ, ಅದರ ಸದ್ದು ಕೇಳುತ್ತಾ ನಡೆದರು. ಅರ್ಧ ದಾರಿಗೆ ಬಂದ ಮೇಲೆ "ಇನ್ನ ಏನೂ ಆಗಂಗಿಲ್ಲ" ಅಂತ ಹೇಳಿ ಹತ್ತಿ ಕೂತರು. ತಾನು ಇಷ್ಟು ವರ್ಷ ಎಷ್ಟು ಬಂಡಿ ಮಾಡಿದೆ ಅಂತ ಲೆಕ್ಕ ಇಲ್ಲ, ಕೊಲ್ಲಾರಿಯೊಳಗೆ ಕೂತು ಜಾತ್ರೆಗೆ ಬಂದದ್ದು ಇದೇ ಮೊದಲು ಅಂದರು. ಯಾರೂ ಏನೂ ಮಾತಾಡಲಿಲ್ಲ. ಅಜ್ಜಿ ಬುತ್ತಿಗಂಟು ಬಿಚ್ಚಿ ಮೊದಲ ರೊಟ್ಟಿ ಅವರ ಕೈಗೆ ಕೊಟ್ಟಳು.

ಚಕ್ಕಡಿ ಈಗ ಊರಲ್ಲಿದೆ. ಈ ಬೇಸಿಗೆಯಲ್ಲಿ ಗಾಲಿಗಳಿಗೆ ಒದ್ದೆ ಗೋಣಿಚೀಲ ಸುತ್ತುವ ಪಾಳಿ ಚಿಕ್ಕಪ್ಪನದ್ದು.

ಕೊನೆಗೊಂದು ಕೋರಿಕೆ. ಬಂಡಿಯ ಭಾಗಗಳ ಹೆಸರು ಊರಿಂದ ಊರಿಗೆ ಬೇರೆ ಬೇರೆ. ನಾವು ಕಡಾಣಿ ಅನ್ನುವುದಕ್ಕೆ, ಗುಂಬ ಅನ್ನುವುದಕ್ಕೆ, ಊರುಗೋಲಿಗೆ ನಿಮ್ಮ ಕಡೆ ಏನಂತಾರೆ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ, ನನಗೂ ತಿಳಿಸಿ. ಹಾಗೇ, ನಿಮ್ಮ ಮನೆಯ ಬಂಡಿಯಲ್ಲಿ ಯಾರು ಕೂರುತ್ತಿದ್ದರು, ಯಾರು ನಡೆಯುತ್ತಿದ್ದರು ಅನ್ನುವುದನ್ನೂ ಕೇಳಿ ನೋಡಿ.